ಮಹತ್ತಯಾ, ಮಚಂಗ್ ಮತ್ತು ಒಂದು ಸವೆದ ಎಂಜಿನ್

ಕಂಟೋನ್ಮೆಂಟ್ ಸ್ಟೇಷನ್

ಕೊಲಂಬೊಗೆ ಹೋಗಿ ಬಂದವರು ಸಮುದ್ರದ ಬಗ್ಗೆ ಬರೆಯುತ್ತಾರೆ, ಬುದ್ಧನ ಬಗ್ಗೆ ಬರೆಯುತ್ತಾರೆ, ಆನೆಗಳ ಬಗ್ಗೆ ಬರೆಯುತ್ತಾರೆ. ನಾನು ಆನೆ ನೋಡಲಿಲ್ಲ. ಅಲ್ಲಿದ್ದಷ್ಟು ದಿನ ನಾನು ಹೆಚ್ಚಾಗಿ ನೋಡಿದ್ದು ನನ್ನ ಗೆಳೆಯ ಅನ್ವರನ ಬೆನ್ನನ್ನು. ಅವನು ಇನ್ನೊಬ್ಬನ ಜೊತೆ ತಲೆಗೆ ತಲೆ ತಾಗಿಸಿಕೊಂಡು ಎಂಜಿನ್ನಿನ ಮೇಲೆ ಬಗ್ಗಿರುತ್ತಿದ್ದ. ನಾನು ಹಿಂದೆ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಆದ್ದರಿಂದ ಈ ಬರಹದಲ್ಲಿ ಸಮುದ್ರ ಕಡಿಮೆ, ಹೊಟ್ಟೆಕಿಚ್ಚು ಜಾಸ್ತಿ.

ಅನ್ವರ್ ಮತ್ತು ನಾನು ಹಲಸೂರಿನಲ್ಲಿ ಗ್ಯಾರೇಜು ಇಟ್ಟುಕೊಂಡವರು. ಅರ್ಧ ಅವನದು, ಅರ್ಧ ನನ್ನದು. ಅವನು ಶಿವಾಜಿನಗರದವನು, ಮನೆಯಲ್ಲಿ ದಖ್ಖನಿ ಮಾತು. ನಾನು ದೊಮ್ಮಲೂರಿನವನು. ನಮ್ಮ ತಾತ ರಾಗಿ ಬಿತ್ತುತ್ತಿದ್ದ ಕಡೆ ಆಗಿನ್ನೂ ಫ್ಲೈಓವರಿನ ಕಂಬಗಳು ಏಳುತ್ತಿದ್ದವು. ಸ್ಕೂಲಿನಿಂದಲೂ ನಾವು ಒಬ್ಬರಿಗೊಬ್ಬರು ‘ಮಚ್ಚಾ’. ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುವುದು, ಕಟ್ಟುವುದು ಅವನ ಕೆಲಸ. ಗಿರಾಕಿಗಳ ಜೊತೆ ಮಾತಾಡುವುದು, ಲೇತ್‌ನವರ ಹಿಂದೆ ಓಡಾಡುವುದು, ಸಾಮಾನು ಹುಡುಕಿ ತರುವುದು ನನ್ನದು.

ಕುಕ್ ಟೌನಿನ ನಿವೃತ್ತ ಪೈಲಟ್ ಒಬ್ಬರು ತಮ್ಮ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರನ್ನು ಎಳೆಸಿಕೊಂಡು ನಮ್ಮಲ್ಲಿಗೆ ಬಂದರು. ಅದರಲ್ಲಿದ್ದದ್ದು ರೋಟರಿ ಎಂಜಿನ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಡು ಒತ್ತಿದ ಕಡಲೆಕಾಯಿಯಂಥ ಕೋಣೆ, ಅದರೊಳಗೆ ಹೊಟ್ಟೆ ಉಬ್ಬಿದ ತ್ರಿಕೋನವೊಂದು ಸುತ್ತುತ್ತದೆ. ತ್ರಿಕೋನದ ಮೂರು ಮೂಲೆಗೂ ಒಂದೊಂದು ಲೋಹದ ಪಟ್ಟಿ, ಅದೇ ಸೀಲು. ಆ ಸೀಲು ಕೋಣೆಯ ಗೋಡೆಯನ್ನು ಸವರಿಕೊಂಡೇ ಓಡಬೇಕು. ಗೋಡೆ ಸವೆದರೂ ಕೆಟ್ಟಿತು, ಸೀಲು ಸವೆದರೂ ಕೆಟ್ಟಿತು. ಇಂಥ ಕೋಣೆ ಎರಡು, ಅವುಗಳ ನಡುವೆ ಗೋಡೆಯ ಹಾಗೆ ನಿಲ್ಲುವ ಕಬ್ಬಿಣದ ತಟ್ಟೆ ಒಂದು. ಅನ್ವರ್ ಅದನ್ನೆಲ್ಲ ಬಿಚ್ಚಿ ಬೆಂಚಿನ ಮೇಲೆ ಹರಡಿ, ಎರಡು ದಿನ ಅದರ ಸುತ್ತ ಸುಮ್ಮನೆ ತಿರುಗಿದ.

ಪೈಲಟ್ ಸಾಹೇಬರು ಹೇಳಿದ್ದು ಇಷ್ಟೇ: “ಎಲ್ಲಾ ಬಿಸಾಕಿ ಬೇರೆ ಹಾಕೋದಾದ್ರೆ ನಂಗೆ ಬೇಡ. ಆದಷ್ಟು ನನ್ನ ಎಂಜಿನ್ನೇ ಉಳೀಬೇಕು. ಸತ್ತಿರೋದನ್ನ ಮಾತ್ರ ತೆಗೀರಿ.” ಆದರೆ ಸತ್ತದ್ದು ಯಾವುದು, ಜೀವ ಇರುವುದು ಯಾವುದು ಅಂತ ನೋಡಿ ಹೇಳಬಲ್ಲವರು ಬೆಂಗಳೂರಿನಲ್ಲಿ ನಮಗೆ ಸಿಗಲಿಲ್ಲ. ಕೊಲಂಬೊದಲ್ಲಿ ನಿಮಲ್ ಅಂತ ಒಬ್ಬನಿದ್ದಾನೆ, ರೋಟರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಸಾಹೇಬರೇ ಪತ್ತೆ ಮಾಡಿ, ಇಬ್ಬರಿಗೂ ಟಿಕೆಟ್ ತೆಗೆಸಿಕೊಟ್ಟರು. ವಿಮಾನ ಚೆನ್ನೈಯಿಂದ. ಸವೆದ ಭಾಗಗಳನ್ನೆಲ್ಲ ಒಂದು ಮರದ ಪೆಟ್ಟಿಗೆಗೆ ತುಂಬಿಕೊಂಡು ಬೆಳಗಿನ ರೈಲು ಹತ್ತಿದೆವು.

ಪೆಟ್ಟಿಗೆಯಲ್ಲಿ ಹಿಡಿಸದ ಒಂದು ತ್ರಿಕೋನವನ್ನು ಅನ್ವರ್ ಲುಂಗಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಬಂಗಾರಪೇಟೆ ದಾಟಿದ ಮೇಲೆ ಎದುರಿಗೆ ಕೂತ ಅಜ್ಜಿಗೆ ತಡೆಯಲಾಗಲಿಲ್ಲ.

“ಯಾವ ದೇವ್ರಪ್ಪ ಅದು?” ಅಂದರು.

“ಜಪಾನ್ ದೇವ್ರು ಅಜ್ಜಿ, ಹುಷಾರಿಲ್ಲ,” ಅಂದ ಅನ್ವರ್.

ಅಜ್ಜಿ ಕೈ ಮುಗಿದೇಬಿಟ್ಟರು. ಚೆನ್ನೈವರೆಗೂ ನಾವು ನಕ್ಕಿದ್ದೇ ನಕ್ಕಿದ್ದು. ಈ ಪ್ರವಾಸದಲ್ಲಿ ನಾವಿಬ್ಬರೇ ಸೇರಿ ನಕ್ಕದ್ದು ಅದೇ ಕೊನೆ.

ಪಂಚಿಕಾವತ್ತೆ

ಕೊಲಂಬೊದಲ್ಲಿ ಮೊದಲ ಪೇಚಾಟ ರಸ್ತೆ ದಾಟುವುದು. ಹಳದಿ ಪಟ್ಟೆಯ ಹತ್ತಿರ ನಿಂತು, ಬರುತ್ತಿದ್ದ ಕಾರು ಹೋಗಲಿ ಅಂತ ಕಾದೆವು. ಕಾರು ನಿಂತುಬಿಟ್ಟಿತು. ಏನೋ ಕೆಟ್ಟಿರಬೇಕು ಅಂತ ನಾವೂ ನಿಂತೆವು. ಒಳಗಿದ್ದವನು ಕೈಸನ್ನೆ ಮಾಡಿದ, ನಾವೂ ಕೈಸನ್ನೆ ಮಾಡಿದೆವು. ಕೊನೆಗೆ ಅವನು ನಗುತ್ತಾ ಇಳಿದು, “ಹೋಗಿ, ನಿಮಗೋಸ್ಕರವೇ ನಿಂತಿರುವುದು” ಎಂಬರ್ಥದಲ್ಲಿ ಏನೋ ಹೇಳಿದ. ಹಲಸೂರು ಕೆರೆ ಪಕ್ಕದ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಓಡುವುದನ್ನು ಕಲಿತ ಕಾಲುಗಳಿಗೆ ಈ ಮರ್ಯಾದೆ ಅರ್ಥವೇ ಆಗಲಿಲ್ಲ.

ಪಂಚಿಕಾವತ್ತೆ ಅಂದರೆ ಕೊಲಂಬೊದ ಹಳೇ ಸಾಮಾನಿನ ಪೇಟೆ. ನಮ್ಮ ಶಿವಾಜಿನಗರದ ಗುಜರಿಯನ್ನು ನೋಡಿದವರಿಗೆ ಹೇಳುವುದಾದರೆ, ಅದನ್ನೇ ಯಾರೋ ಗುಡಿಸಿ, ಒರೆಸಿ, ಜೋಡಿಸಿ ಇಟ್ಟ ಹಾಗೆ. ಒಂದು ಅಂಗಡಿಯ ತುಂಬ ಗೇರ್‌ಬಾಕ್ಸು, ಪಕ್ಕದ್ದರ ತುಂಬ ಹೆಡ್‌ಲೈಟು, ಅದರಾಚೆ ಸೂರಿಗೆ ತಾಗುವ ಹಾಗೆ ಎಂಜಿನ್ನು. ಎಲ್ಲವೂ ಜಪಾನಿನಿಂದ ಹಡಗಿನಲ್ಲಿ ಬಂದವು. ಒಂದು ಕಾರ್ಬ್ಯುರೇಟರಿಗಾಗಿ ನಾನು ಗುಜರಿಯ ಸಂದಿಗಳಲ್ಲಿ ವಾರಗಟ್ಟಲೆ ಅಲೆದದ್ದು ನೆನಪಾಯಿತು. ಇವರಿಗೆ ಎಲ್ಲ ಕೈಗೆಟಕುವಷ್ಟು ಹತ್ತಿರ. ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲೇ.

ಚಹಾ ಕುಡಿಯಲು ಕೂತೆವು. ಕೇಳದೆಯೇ ಒಂದು ತಟ್ಟೆ ತುಂಬ ಕರಿದ ತಿಂಡಿ ತಂದಿಟ್ಟರು. ಎಂಥ ಉಪಚಾರ ಅಂದುಕೊಂಡೆವು. ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅನ್ವರ್, ಹೌದು ಅಂತ ನಾನು, ಕಷ್ಟಪಟ್ಟು ತಟ್ಟೆ ಖಾಲಿ ಮಾಡಿದೆವು. ಆ ಊರಿನ ಪದ್ಧತಿ ಬೇರೆ: ತಟ್ಟೆ ಎಲ್ಲರ ಮುಂದೂ ಇಡುತ್ತಾರೆ, ಬೇಕಾದ್ದು ಒಂದೆರಡು ತಿಂದು ಉಳಿದದ್ದು ಬಿಡಬೇಕು, ತಿಂದಷ್ಟಕ್ಕೇ ದುಡ್ಡು. ಅಂಗಡಿಯ ಯಜಮಾನ ಖಾಲಿ ತಟ್ಟೆ ನೋಡಿ ಒಳಗಿದ್ದವರನ್ನೂ ಕರೆದು ತೋರಿಸಿದ. ನನ್ನ ಭುಜ ತಟ್ಟಿ “ಮಲ್ಲಿ” ಅಂದ. ನನ್ನ ಮೀಸೆ ಸಣ್ಣದಲ್ಲ. ನಮ್ಮ ಚಿಕ್ಕಪ್ಪನ ಮಗಳ ಹೆಸರು ಮಲ್ಲಿ. ಸಿಂಹಳದಲ್ಲಿ ಹಾಗಂದರೆ ತಮ್ಮ ಅಂತ ಗೊತ್ತಾಗುವಷ್ಟರಲ್ಲಿ ಮುಖ ಕೆಂಪಾಗಿತ್ತು.

ನಿಮಲ್‌ನ ಶೆಡ್ಡು ಅದೇ ಬೀದಿಯ ಕೊನೆಯಲ್ಲಿತ್ತು. ಹೂವಿನ ಶರ್ಟು, ಕತ್ತಿನಲ್ಲಿ ಸರ, ಬಣ್ಣ ಹಚ್ಚಿದ ಕೂದಲು. ಪೇಟೆಯಲ್ಲೇ ಬೆಳೆದವನಾದ್ದರಿಂದ ತಮಿಳು ಸರಾಗ. ಕಂಟೋನ್ಮೆಂಟಿನ ಕಡೆಯವರಾದ ನಮಗೂ ತಮಿಳು ಬರುತ್ತದೆ, ಹೀಗಾಗಿ ಮಾತಿಗೆ ತೊಂದರೆಯಾಗಲಿಲ್ಲ. ಅವನ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಈ ದೇಶದಲ್ಲಿ ರೋಟರಿಗೆ ಇಬ್ಬರೇ ಡಾಕ್ಟರ್ ಇದ್ದದ್ದು,” ಅಂದ. “ಒಬ್ಬ ನಾನು. ಇನ್ನೊಬ್ಬ ಹೋಗಿಬಿಟ್ಟ.”

ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದ. ಒಂದು ಕುರ್ಚಿ ಒರೆಸಿ ನನ್ನ ಮುಂದಿಟ್ಟು, “ಕೂತ್ಕೊಳ್ಳಿ ಮಹತ್ತಯಾ” ಅಂದ. ಆಮೇಲೆ ಅನ್ವರನ ಭುಜಕ್ಕೊಂದು ಹೊಡೆದು, “ಬಾ ಮಚಂಗ್, ಪೆಟ್ಟಿಗೆ ಬಿಚ್ಚು” ಅಂದ. ಮಹತ್ತಯಾ ಅಂದರೆ ಅವರಲ್ಲಿ ಸಾಹೇಬರು, ಯಜಮಾನರು. ಮಚಂಗ್ ಅಂದರೆ ನಮ್ಮ ಮಚ್ಚಾ. ನನಗೆ ಖುಷಿಯಾಯಿತು. ಸಂಜೆ ರೂಮಿಗೆ ಹೋಗುವಾಗ ಅನ್ವರನಿಗೆ, “ನೋಡ್ದ್ಯಾ, ಬಂದ ತಕ್ಷಣ ಗುರ್ತಿಸ್ಬಿಟ್ಟ ನನ್ನ” ಅಂತ ಜಂಬ ಕೊಚ್ಚಿಕೊಂಡೆ. ಅನ್ವರ್ ಭುಜ ಉಜ್ಜಿಕೊಳ್ಳುತ್ತಾ ಮುಂದೆ ನಡೆದ.

ನಿಮಲ್‌ನ ಬೆಂಚು

ಮರುದಿನ ಕೆಲಸ ಶುರುವಾಯಿತು. ನಿಮಲ್ ಬೆಂಚಿನ ಮೇಲೆ ಒಂದು ಬಿಳೀ ಪಂಚೆ ಹಾಸಿ, ಮಧ್ಯದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ. ಗೆರೆಯ ಬಲಕ್ಕೆ ಉಳಿಯುವುದು, ಎಡಕ್ಕೆ ಹೋಗುವುದು. ರಬ್ಬರ್ ಉಂಗುರಗಳು, ಸಣ್ಣ ಸ್ಪ್ರಿಂಗುಗಳು ಅಳೆಯದೆಯೇ ಎಡಕ್ಕೆ ಹೋದವು. “ಬಿಸಿ ತಿಂದ ರಬ್ಬರು, ಸುಸ್ತಾದ ಸ್ಪ್ರಿಂಗು, ಎರಡನ್ನೂ ನಂಬಬೇಡ” ಅಂದ. ಮೂಲೆಯ ಸೀಲುಗಳ ಎತ್ತರ ಅಳೆದ. ಅವೂ ಎಡಕ್ಕೆ. ತ್ರಿಕೋನಗಳಲ್ಲಿ ಸೀಲು ಕೂರುವ ತೋಡಿಗೆ ಸಣ್ಣ ತಗಡು ತೂರಿಸಿ ಅಲ್ಲಾಡಿಸಿ ನೋಡಿದ. ಅಗಲವಾಗಿರಲಿಲ್ಲ. ಎರಡೂ ಬಲಕ್ಕೆ. ಬೇರಿಂಗಿನ ಮೇಲ್ಪದರ ಸವೆದು ತಾಮ್ರ ಕಂಡಿತ್ತು, ಅದು ಎಡಕ್ಕೆ.

ಆಮೇಲೆ ತ್ರಿಕೋನದ ಪಕ್ಕಗಳಲ್ಲಿ ಕೂರುವ ತೆಳ್ಳನೆಯ ಕಮಾನು ಸೀಲುಗಳು ಬಂದವು. ಅವು ಚೆನ್ನಾಗಿಯೇ ಇದ್ದವು. ನಿಮಲ್ ಅವನ್ನು ಅಂಗೈಯಲ್ಲಿಟ್ಟುಕೊಂಡು, “ಯಾವುದು ಯಾವ ತೋಡಿನದು?” ಅಂತ ಕೇಳಿದ.

ನಮ್ಮ ಕಡೆ ಎಂಜಿನ್ ಬಿಚ್ಚಿದರೆ ಮೊದಲ ಕೆಲಸ, ಸಣ್ಣ ಸಾಮಾನನ್ನೆಲ್ಲ ಒಂದು ಬೇಸಿನ್ ಸೀಮೆಎಣ್ಣೆಗೆ ಸುರಿದು, ಬ್ರಷ್ ಹಾಕಿ ತಿಕ್ಕಿ, ಫಳಫಳ ಮಾಡುವುದು. ಗಿರಾಕಿ ಬಂದು ನೋಡಿದರೆ ಕೆಲಸ ಆಗಿದೆ ಅನ್ನಿಸಬೇಕು. ಆದರೆ ಈ ಸೀಲುಗಳು ತಮ್ಮ ತಮ್ಮ ತೋಡಿನಲ್ಲೇ ಸವೆದು, ಅದಕ್ಕೇ ಹೊಂದಿಕೊಂಡಿರುತ್ತವೆ. ಅದಲುಬದಲಾದರೆ ಮುಗಿಯಿತು.

“ಯಾರು ತೊಳೆದದ್ದು?” ಅಂತ ನಿಮಲ್ ಕೇಳಿ ಮುಗಿಸುವ ಮೊದಲೇ ನಾನು, “ಅನ್ವರ್” ಅಂದೆ. ಮೇಷ್ಟ್ರಿಗೆ ಜೊತೆ ಹುಡುಗನ ಚಾಡಿ ಹೇಳುವ ಹುರುಪಿತ್ತು ನನ್ನ ದನಿಯಲ್ಲಿ. ಬೈಸಿಕೊಳ್ಳಲಿ ಅಂತಲೇ ಹೇಳಿದ್ದು.

ನಿಮಲ್ ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಮೊದಲನೇ ಎಂಜಿನ್‌ನಲ್ಲಿ ನಾನೂ ಹಿಂಗೇ ಮಾಡಿದ್ದೆ ಮಚಂಗ್! ಬಾ ಇಲ್ಲಿ, ಹೊಸದನ್ನ ಅರದಲ್ಲಿ ಉಜ್ಜಿ ಕೂರಿಸೋದು ಹೇಳ್ಕೊಡ್ತೀನಿ” ಅಂದ. ಮಧ್ಯಾಹ್ನದಿಂದ ಸಂಜೆವರೆಗೂ ಇಬ್ಬರೂ ಸಾಮಾನು ಬಿಗಿದು ಹಿಡಿಯುವ ಒಂದೇ ವೈಸಿನ ಎರಡು ಕಡೆ ಕೂತು ಸೀಲು ಉಜ್ಜಿದರು. ಹಾಲಿಲ್ಲದ ಚಹಾ ಬಂತು, ಜೊತೆಗೆ ಕಚ್ಚಿಕೊಳ್ಳಲು ಬೆಲ್ಲದ ಚೂರು. ನನಗೆ ತಟ್ಟೆಯಲ್ಲಿ ಕಪ್ಪು ಇಟ್ಟು ಕೊಟ್ಟರು. ಅವರಿಬ್ಬರೂ ಒಂದೇ ಬೆಲ್ಲವನ್ನು ಅತ್ತಿತ್ತ ಕೈ ಬದಲಿಸಿ ಕಚ್ಚುತ್ತಿದ್ದರು. ಮಹತ್ತಯಾ ಅನ್ನಿಸಿಕೊಂಡವನಿಗೆ ಕಪ್ಪು ಸಿಗುತ್ತದೆ, ಬೆಲ್ಲದ ಪಾಲು ಸಿಗುವುದಿಲ್ಲ. ಇಷ್ಟು ವರ್ಷ ‘ಮಚ್ಚಾ’ ಎಂಬುದು ನನ್ನೊಬ್ಬನ ಆಸ್ತಿ ಅಂದುಕೊಂಡಿದ್ದೆ. ಆ ಮನುಷ್ಯ ಎರಡನೇ ದಿನಕ್ಕೇ ಅದನ್ನು ಎತ್ತಿಕೊಂಡುಬಿಟ್ಟಿದ್ದ.

ಗಾಲ್ ಫೇಸ್ ಕಡಲ ದಂಡೆ

ಮೂರನೇ ದಿನ ತಲೆನೋವು ಅಂತ ಸುಳ್ಳು ಹೇಳಿ ಶೆಡ್ಡಿಗೆ ಹೋಗಲಿಲ್ಲ. ‘ಯಾಕೋ, ಏನಾಯ್ತೋ’ ಅಂತ ಅನ್ವರ್ ಪಕ್ಕ ಕೂರಬಹುದು ಅಂದುಕೊಂಡಿದ್ದೆ. ಅವನು ಒಂದು ಮಾತ್ರೆ ಕೊಟ್ಟು ಹೋದ.

ಒಬ್ಬನೇ ಗಾಲ್ ಫೇಸ್ ದಂಡೆಗೆ ಹೋದೆ. ಊರಿಗೆ ಊರೇ ಅಲ್ಲಿ ಗಾಳಿಪಟ ಹಾರಿಸುತ್ತಿತ್ತು. ಕೊಡೆ ಬಿಡಿಸಿಕೊಂಡು ಅದರ ಮರೆಯಲ್ಲಿ ಕೂತ ಪ್ರೇಮಿಗಳು ಸಾಲಾಗಿ ಇದ್ದರು. ಮಳೆಯೂ ಇಲ್ಲ, ಅಂಥ ಬಿಸಿಲೂ ಇಲ್ಲ. ನಮ್ಮ ಕಬ್ಬನ್ ಪಾರ್ಕಿನಲ್ಲಿ ಪೊದೆ ಹುಡುಕುತ್ತಾರೆ, ಇಲ್ಲಿ ಕೊಡೆ ತರುತ್ತಾರೆ. ವಡೆ ಮಾರುವವನ ಹತ್ತಿರ ಒಂದು ವಡೆ ತಗೊಂಡೆ. ವಡೆಯ ಮೇಲೆ ಇಡೀ ಸಿಗಡಿಯೊಂದು ಮೀಸೆ ಸಮೇತ ಕೂತು ನನ್ನನ್ನೇ ನೋಡುತ್ತಿತ್ತು. ಅನ್ವರ್ ಇದ್ದಿದ್ದರೆ ಅದಕ್ಕೊಂದು ಹೆಸರು ಇಡುತ್ತಿದ್ದ. ಸುಮ್ಮನೆ ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಸಮುದ್ರದ ಬಗ್ಗೆ ಬರೆಯುವುದು ಇಷ್ಟೇ. ದೊಡ್ಡದಾಗಿತ್ತು.

ಮತ್ತೆ ಬೆಂಚಿಗೆ

ಸಂಜೆ ಶೆಡ್ಡಿಗೆ ಹೋದಾಗ ಒಳಗಿನಿಂದ ನಿಮಲ್‌ನ ದನಿ ಕೇಳಿಸಿತು. “ಮೂರು ತಿಂಗಳು ಇಲ್ಲೇ ಇರು ಮಚಂಗ್. ಮೇಲೆ ರೂಮಿದೆ. ಇಂಥ ಕೈ ನಂಗೆ ಬೇಕು.” ಅನ್ವರ್ ಏನು ಹೇಳಿದನೋ ಕೇಳಿಸಲಿಲ್ಲ. ಅನ್ವರ್ ಇಲ್ಲದ ಗ್ಯಾರೇಜಿನಲ್ಲಿ ನಾನು ಏನು? ಗಿರಾಕಿಯ ಜೊತೆ ಮಾತಾಡಬಲ್ಲೆ. ಮಾತಿಗೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಒಳಗೆ ಹೋದೆ. ಪಂಚೆಯ ಮೇಲೆ ಇನ್ನು ಮೂರೇ ಸಾಮಾನು ತೀರ್ಮಾನವಾಗದೆ ಉಳಿದಿದ್ದವು: ಕಡಲೆಕಾಯಿ ಆಕಾರದ ಕೋಣೆಗಳು ಎರಡು, ಅವುಗಳ ನಡುವಿನ ಕಬ್ಬಿಣದ ತಟ್ಟೆ. ಕೋಣೆಯ ಒಳಗೋಡೆಗೆ ಕ್ರೋಮ್ ಲೇಪ ಇರುತ್ತದೆ. ಒಂದರಲ್ಲಿ ಅದು ನಯವಾಗಿತ್ತು. ಇನ್ನೊಂದರಲ್ಲಿ ಪ್ಲಗ್ಗಿನ ಹತ್ತಿರ ಸುಣ್ಣ ಎದ್ದ ಗೋಡೆಯ ಹಾಗೆ ಚಕ್ಕೆ ಎದ್ದಿತ್ತು. ನಿಮಲ್ ನನ್ನ ಬೆರಳು ಹಿಡಿದು ಅಲ್ಲಿ ಎಳೆದ. ಉಗುರು ಸಿಕ್ಕಿಕೊಂಡಿತು.

“ಇದು ಹೋಗಬೇಕು,” ಅಂದ. “ತಟ್ಟೆಯಲ್ಲೂ ಸೀಲು ಉಜ್ಜಿ ಮೆಟ್ಟಿಲು ಬಿದ್ದಿದೆ, ಅದೂ ಹೋಗಲಿ. ಹಿಂದೆ ರಾಶಿ ಇದೆ, ಬೇರೆ ಕೊಡ್ತೀನಿ.”

ಅನ್ವರ್ ತಲೆಯಾಡಿಸಿದ. ನನಗೆ ಅವರಿಬ್ಬರು ಒಟ್ಟಿಗೆ ಏನು ಹೇಳಿದರೂ ಬೇಡ ಅನ್ನಬೇಕಿತ್ತು.

“ತಟ್ಟೆ ಹೋಗಲ್ಲ,” ಅಂದೆ.

“ಸವೆದಿದೆ ಮಚ್ಚಾ, ನೋಡಿಲ್ಲಿ.”

“ಸವೆದ್ರೆ? ಕಬ್ಬಿಣ ತಾನೆ? ಕೆ.ಆರ್. ಪುರದ ಶೆಡ್ಡಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸ್ತೀನಿ. ಕೂದಲೆಳೆಯಷ್ಟು ಹೊಡೆದ್ರೆ ಸಾಕು, ಕನ್ನಡಿ ಆಗುತ್ತೆ. ಕ್ರೋಮ್ ಲೇಪ ನಮ್ಮೂರಲ್ಲಿ ಆಗಲ್ಲ, ಆ ಕೋಣೆ ಬೇಕಾದ್ರೆ ತಗೊಳೋಣ. ತಟ್ಟೆ ಸಾಹೇಬ್ರದ್ದೇ ಇರ್ಲಿ.”

ಬಾಯಿಗೆ ಬಂದದ್ದು ಹೊಟ್ಟೆಕಿಚ್ಚಿನಿಂದ. ಹೇಳಿ ಮುಗಿಸುವಾಗ ಮಾತು ಸರಿಯಾಗಿಯೇ ಇದೆ ಅಂತ ನನಗೇ ಅನ್ನಿಸಿತು. ನಿಮಲ್ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದ. ಅಷ್ಟು ನಿಖರವಾಗಿ ಹೊಡೆಯುವವರು ಇದ್ದಾರಾ ಅಂತ ಕೇಳಿದ. ಒಬ್ಬರಲ್ಲ, ಒಂದು ಬೀದಿಯೇ ಇದೆ ಅಂದೆ. ನಮ್ಮೂರಿನಲ್ಲಿ ವಿಮಾನದ ಕಾರ್ಖಾನೆ, ಮೆಷಿನ್ ಕಾರ್ಖಾನೆಗಳಲ್ಲಿ ಕೆಲಸ ಕಲಿತವರು ಒಂದೊಂದು ಶೆಡ್ಡು ಹಾಕಿಕೊಂಡಿರುವುದನ್ನು ವಿವರಿಸಿದೆ.

“ನಿಮ್ಮ ಪುಣ್ಯ ಮಹತ್ತಯಾ,” ಅಂದ ನಿಮಲ್. “ಇಲ್ಲಿ ಎಲ್ಲಾ ಸಿಗುತ್ತೆ. ಅದಕ್ಕೇ ಯಾರೂ ಏನನ್ನೂ ರಿಪೇರಿ ಮಾಡಲ್ಲ.” ತಟ್ಟೆಯನ್ನು ಗೆರೆಯ ಬಲಕ್ಕೆ ಇಟ್ಟ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಕಂಡಿತು. ಆ ವಾರದಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಆದರೆ ರೂಮಿಗೆ ಬಂದ ಮೇಲೆ ಅನ್ವರ್ ಸುಮ್ಮನೆ ಕಾಲುಚಾಚಿ ಕೂತಿದ್ದ. ಮೂರು ತಿಂಗಳ ಮಾತನ್ನು ಅವನೇ ಎತ್ತಲಿ ಅಂತ ಕಾದೆ. ಎತ್ತಲಿಲ್ಲ.

“ಇರಬೇಕಂದ್ರೆ ಇರಿ,” ಅಂದೆ. “ನಿಮ್ಮಿಷ್ಟ.”

“ಏನೋ ಇದು ಬಹುವಚನ?”

“ದೊಡ್ಡೋರು ನೀವು. ಹೊರದೇಶದಲ್ಲಿ ಡಿಮ್ಯಾಂಡು.”

ಅನ್ವರ್ ನನ್ನನ್ನೇ ನೋಡಿದ. “ಮಲ್ಕೊಳ್ಳಿ ಮಹತ್ತಯಾ,” ಅಂದು ಗೋಡೆಯ ಕಡೆ ತಿರುಗಿದ.

ವಿಮಾನದಲ್ಲಿ

ಹೊರಡುವ ದಿನ ಅನ್ವರ್ ತನ್ನ ಬ್ಯಾಗು ಕಟ್ಟಿದ್ದನ್ನು ಕಂಡೆ. ಆದರೂ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವವರೆಗೂ ನನಗೆ ಧೈರ್ಯವಿರಲಿಲ್ಲ. ಮೇಲೇರಿದ ಮೇಲೆ ಅವನೇ ಬಾಯಿಬಿಟ್ಟ.

“ನಿಂಗೆ ತುಂಬಾ ಹೊಟ್ಟೆ ಉರೀತಿತ್ತು, ಅಲ್ವಾ?”

“ಹೂಂ,” ಅಂದೆ. ಇನ್ನು ಮುಚ್ಚಿಟ್ಟು ಏನು?

“ನಂಗೂ ಉರೀತಿತ್ತು.”

“ನಿಮಲ್ ಮೇಲಾ?”

“ನಿನ್ ಮೇಲೆ.”

ನಾನು ನಕ್ಕೆ. ಅವನು ನಗಲಿಲ್ಲ.

“ಮೊದಲ್ನೇ ದಿನ ಬಾಗಿಲಲ್ಲಿ ಇಬ್ರೂ ನಿಂತಿದ್ವಿ. ಇಬ್ರೂ ಬೆವರ್ತಿದ್ವಿ, ಪೆಟ್ಟಿಗೇನ ಇಬ್ರೂ ಹಿಡ್ಕೊಂಡಿದ್ವಿ. ಅವನು ನಿಂಗೆ ಕುರ್ಚಿ ಒರೆಸ್ದ. ನನ್ ಭುಜಕ್ಕೆ ಹೊಡ್ದ. ಯಾರು ಓನರ್, ಯಾರು ಕೆಲಸದವ್ನು ಅಂತ ನೋಡಿದ್ ಕೂಡ್ಲೇ ಗೊತ್ತಾಗ್ಬಿಡ್ತು ಅವನಿಗೆ.”

“ನಿನ್ನ ಫ್ರೆಂಡ್ ಅಂದ್ಕೊಂಡ ಕಣೋ.”

“ಮೂರು ತಿಂಗ್ಳು ಇರು, ಸಂಬಳ ಕೊಡ್ತೀನಿ ಅಂದ. ಫ್ರೆಂಡಿಗೆ ಸಂಬಳ ಕೊಡ್ತಾರಾ? ‘ನಿಮ್ಮ ಮಹತ್ತಯಾ ಬಿಡ್ತಾರಾ?’ ಅಂತ ಬೇರೆ ಕೇಳ್ದ.”

“ನೀನೇನಂದೆ?”

“ಬಿಡಲ್ಲ ಅಂದೆ. ಅದೇ ಸುಲಭ.” ಕಿಟಕಿಯಾಚೆ ನೋಡಿದ. “ಹಲಸೂರಲ್ಲೂ ಹಂಗೇ ಅಲ್ವಾ ಮಚ್ಚಾ? ಬಂದೋರೆಲ್ಲ ನನ್ ಮುಖ ನೋಡಿ ಓನರ್ ಎಲ್ಲಿ ಅಂತಾರೆ. ಒಳಗಿದ್ದಾರೆ ಅಂತ ನಾನೇ ಹೇಳ್ತೀನಿ. ಇಷ್ಟು ವರ್ಷ ಆಯ್ತು, ನೀನು ಒಂದ್ ಸಲಾನೂ ಕೇಳಿಸ್ಕೊಂಡಿಲ್ಲ.”

ನಾನು ಕೇಳಿಸಿಕೊಂಡಿದ್ದೆ. ಹಿತವಾಗಿಯೇ ಇತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಚೆನ್ನೈ

ಕಸ್ಟಮ್ಸ್‌ನಲ್ಲಿ ನಮ್ಮ ಪೆಟ್ಟಿಗೆ ನಿಲ್ಲಿಸಿದರು. ಅಧಿಕಾರಿ ಮುಚ್ಚಳ ಸರಿಸಿ, ಎಣ್ಣೆ ಹಚ್ಚಿದ ತ್ರಿಕೋನವನ್ನು ಮುಟ್ಟಿ ಬೆರಳು ಒರೆಸಿಕೊಂಡ. “ಇದರ ಓನರ್ ಯಾರು?” ಅಂತ ತಮಿಳಿನಲ್ಲಿ ಕೇಳಿದ.

ಅಭ್ಯಾಸಬಲ. ನನ್ನ ಕಾಲು ಒಂದು ಹೆಜ್ಜೆ ಮುಂದೆ ಹೋಗಿತ್ತು, ಬಾಯಿ ತೆರೆದಿತ್ತು. ಅನ್ವರ್ ನನ್ನನ್ನು ನೋಡಲಿಲ್ಲ. ಇನ್ನೇನು ನಾನು ಹೇಳಿಬಿಡುತ್ತೇನೆ ಅಂತ ಗೊತ್ತಿದ್ದವನ ಹಾಗೆ ಆಗಲೇ ಪೆಟ್ಟಿಗೆಯ ಹಗ್ಗಕ್ಕೆ ಬಗ್ಗಿದ್ದ.

“ಇವರು,” ಅಂದೆ. ಅನ್ವರನ ಕಡೆ ಕೈ ತೋರಿಸಿದೆ.

ಅನ್ವರ್ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದ. ಅಧಿಕಾರಿಯ ದನಿ ಬದಲಾಯಿತು. “ವಾಂಗೊ ಸಾರ್, ಇಪ್ಪಡಿ ವಾಂಗೊ” ಅಂತ ಅವನನ್ನು ಪಕ್ಕಕ್ಕೆ ಕರೆದ. ಎಂಜಿನ್ ಯಾವ ಕಾರಿನದು, ಏನು ಬದಲಾಯಿಸಿದಿರಿ ಅಂತ ಮರ್ಯಾದೆಯಿಂದ ಕೇಳಿದ. ಅನ್ವರ್ ಒಂದೊಂದಾಗಿ ಹೇಳುತ್ತಾ ಹೋದ. ಸೀಲು ಹೊಸದು ಸಾರ್, ಕೋಣೆ ಒಂದು ಬೇರೆ, ತಟ್ಟೆ ನಮ್ಮದೇ, ಊರಿಗೆ ಹೋಗಿ ಗ್ರೈಂಡಿಂಗ್. ತಟ್ಟೆ ಉಳಿಸಿದ್ದು ನಾನು ಅಂತ ಹೇಳುತ್ತಾನೇನೋ ಅಂತ ಕಿವಿಗೊಟ್ಟೆ. ಹೇಳಲಿಲ್ಲ. ಎರಡನೇ ಸಲ ಆ ‘ಸಾರ್’ ಕೇಳಿದಾಗ ನನ್ನ ಹೊಟ್ಟೆಯಲ್ಲಿ ಚುರುಕ್ ಅಂದದ್ದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಅಧಿಕಾರಿ ತಿರುಗಿ ನನ್ನತ್ತ ಬೆರಳು ಮಾಡಿದ. “ಏಯ್, ನೀ ಪೆಟ್ಟಿಯೆ ತೂಕ್ಕು.” ಪೆಟ್ಟಿಗೆ ಎತ್ತಿ ಮೇಜಿನ ಮೇಲಿಡು ಅಂತ, ಏಕವಚನದಲ್ಲಿ.

ಬಗ್ಗಿ ಹಗ್ಗ ಹಿಡಿದೆ. ಒಬ್ಬನೇ ಎತ್ತುವಂಥದ್ದಲ್ಲ ಅದು. ಇನ್ನೊಂದು ತುದಿ ಹಿಡಿಯಲು ಬರುತ್ತಾನೇನೋ ಅಂತ ತಲೆಯೆತ್ತಿ ನೋಡಿದೆ. ಅನ್ವರ್ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ, ಬರಲಿಲ್ಲ.